ಬಲಗೈ ಹೋದ ಮೇಲೆ ಗುರಿ ಹಿಡಿದ ಕಾರೊಯ್ ಟಕಾಚ್

ಕಾರೊಯ್ ಟಕಾಚ್ ಅವರ ಹೆಸರು ಗೊತ್ತಿಲ್ಲದಿದ್ದರೂ ಅವರ ಕತೆ ನಮ್ಮಲ್ಲಿ ಬಹಳ ಜನಕ್ಕೆ ವಾಟ್ಸಾಪ್ ಫಾರ್ವರ್ಡ್ ಆಗಿ ಬಂದೇ ಇರುತ್ತದೆ. ಅಲ್ಲಿ ಅವರ ಹೆಸರನ್ನ ಕರೋಲಿ ಟಕಾಕ್ಸ್ ಅಂತ ಬರೆದಿರುತ್ತಾರೆ. ಹಂಗೇರಿಯ ಸೈನಿಕ, ಬಲಗೈಲಿ ಪಿಸ್ತೂಲ್ ಹಿಡಿದರೆ ಗುರಿ ತಪ್ಪದವರು, ಗ್ರೆನೇಡ್ ಸಿಡಿದು ಆ ಕೈಯೇ ಹೋಯಿತು, ಎಡಗೈಲಿ ಕಲಿತು ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದರು. ಕೊನೆಗೆ ಮನಸ್ಸಿದ್ದರೆ ಮಾರ್ಗ ಅನ್ನೋ ಸಾಲು, ಜೊತೆಗೆ ಎರಡು ಕೈ ಮುಗಿಯೋ ಇಮೋಜಿ.

ಕತೆ ಏನೋ ನಿಜವೇ. ಆದರೆ ಎಂಜಿನಿಯರಿಂಗ್ ಓದುವ ನಮಗೆ ಇಷ್ಟಕ್ಕೇ ಸಮಾಧಾನ ಆಗಬಾರದು. ಮನಸ್ಸಿತ್ತು, ಸರಿ. ಮಾರ್ಗ ಯಾವುದು? ಒಂದು ಕೈಲಿ ವರ್ಷಗಟ್ಟಲೆ ಕಲಿತ ವಿದ್ಯೆಯನ್ನ ಇನ್ನೊಂದು ಕೈಗೆ ದಾಟಿಸೋದು ಅಂದ್ರೆ ಏನು? ಗುಂಡು ಗುರಿ ತಪ್ಪಿದಾಗ ತಪ್ಪು ಎಲ್ಲಿದೆ ಅಂತ ಪತ್ತೆ ಹಚ್ಚೋದು ಹೇಗೆ? ಫಾರ್ವರ್ಡ್‌ಗಳು ಬಿಟ್ಟುಬಿಡುವ ಈ ಭಾಗವನ್ನೇ ನಾವು ಇಲ್ಲಿ ನೋಡೋಣ.

ಸಾರ್ಜೆಂಟ್ ಅನ್ನೋ ಒಂದೇ ಕಾರಣಕ್ಕೆ

ಟಕಾಚ್ ಹುಟ್ಟಿದ್ದು 1910ರ ಜನವರಿ 21ರಂದು, ಬುಡಾಪೆಸ್ಟ್‌ನಲ್ಲಿ. ಸೇನೆಗೆ ಸೇರಿದರು, ಪಿಸ್ತೂಲ್ ಶೂಟಿಂಗ್ ಅವರ ಆಟ ಆಯಿತು. 1936ರ ಹೊತ್ತಿಗೆ ಅವರು ವಿಶ್ವಮಟ್ಟದ ಶೂಟರ್. ಅದೇ ವರ್ಷ ಬರ್ಲಿನ್ ಒಲಿಂಪಿಕ್ಸ್. ಆದರೆ ಹಂಗೇರಿಯ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಗುರಿ ಸರಿ ಇಲ್ಲ ಅಂತ ಅಲ್ಲ, ಅವರು ಸಾರ್ಜೆಂಟ್ ಅಂತ. ಆಗಿನ ನಿಯಮದ ಪ್ರಕಾರ ತಂಡಕ್ಕೆ ಕಮಿಷನ್ಡ್ ಅಧಿಕಾರಿಗಳಿಗೆ ಮಾತ್ರ ಅವಕಾಶ.

ಬರ್ಲಿನ್ ಕೂಟ ಮುಗಿದ ಮೇಲೆ ಆ ನಿಯಮ ತೆಗೆದರು. ಸರಿ, 1940ಕ್ಕೆ ಹೋಗೋಣ ಅಂತ ಟಕಾಚ್ ತಯಾರಿ ನಡೆಸಿದರು. 1938ರಲ್ಲಿ ಸೇನೆಯ ತರಬೇತಿ ನಡೆಯುತ್ತಿದ್ದಾಗ ದೋಷವಿದ್ದ ಒಂದು ಗ್ರೆನೇಡ್ ಅವರ ಬಲಗೈಯಲ್ಲೇ ಸಿಡಿಯಿತು. ಪಿಸ್ತೂಲ್ ಹಿಡಿಯುವ ಕೈ ಅದು. ಆಗ ಅವರಿಗೆ 28 ವರ್ಷ.

ಒಂದು ತಿಂಗಳು ಆಸ್ಪತ್ರೆಯಲ್ಲಿ ಕಳೆದರು. ಹೊರಗೆ ಬಂದವರು ಯಾರಿಗೂ ಹೇಳದೆ ಎಡಗೈಲಿ ಅಭ್ಯಾಸ ಶುರು ಮಾಡಿದರು.

ಏನು ಹೋಯಿತು, ಏನು ಉಳಿಯಿತು

ಬಲಗೈಯಿಂದ ಎಡಗೈಗೆ ಬದಲಾಗುವ ಯಾವ ಶೂಟರ್‌ಗಾದರೂ ಎದುರಾಗುವ ಕಷ್ಟಗಳನ್ನ ಒಂದು ಸಲ ಲೆಕ್ಕ ಹಾಕಿ ನೋಡೋಣ.

ಮೊದಲನೆಯದು ತೂಕ. ಸ್ಪರ್ಧೆಯ ಪಿಸ್ತೂಲ್ ಸುಮಾರು ಒಂದು ಕೆಜಿ ತೂಗುತ್ತದೆ. ಅದನ್ನ ಒಂದೇ ಕೈಲಿ, ತೋಳು ಪೂರ್ತಿ ಚಾಚಿ ಹಿಡಿಯಬೇಕು. ಒಂದು ಲೀಟರ್ ನೀರಿನ ಬಾಟಲಿಯನ್ನ ಹಾಗೆ ಹಿಡಿದು ಒಂದು ನಿಮಿಷ ನಿಂತು ನೋಡಿ, ಆಮೇಲೆ ಎಡಗೈಲೂ ಅದೇ ಮಾಡಿ. ವ್ಯತ್ಯಾಸ ತಾನಾಗೇ ಗೊತ್ತಾಗುತ್ತದೆ.

ಎರಡನೆಯದು ಬೆರಳು. ಟ್ರಿಗರ್ ಎಳೆಯುವಾಗ ತೋರುಬೆರಳು ಮಾತ್ರ ಚಲಿಸಬೇಕು, ಉಳಿದ ಕೈ ಇದ್ದ ಹಾಗೇ ಇರಬೇಕು. ನಾವು ಬರೆಯುವ ಕೈಗೆ ಬೆರಳುಗಳನ್ನ ಬೇರೆಬೇರೆಯಾಗಿ ಆಡಿಸಿ ಅಭ್ಯಾಸ ಇರುತ್ತದೆ. ಇನ್ನೊಂದು ಕೈಗೆ ಅಷ್ಟು ಇರಲ್ಲ. ತೋರುಬೆರಳು ಮಡಚಲು ಹೋದರೆ ಉಳಿದ ಬೆರಳೂ ಬಿಗಿಯಾಗುತ್ತವೆ.

ಮೂರನೆಯದು ಕಣ್ಣು. ನಮ್ಮ ಎರಡು ಕಣ್ಣಲ್ಲಿ ಒಂದು ಮುಂದಾಳು. ಬಲಗೈಯವರಲ್ಲಿ ಹೆಚ್ಚಿನವರಿಗೆ ಬಲಗಣ್ಣೇ ಮುಂದಾಳು. ಪಿಸ್ತೂಲ್ ಎಡಗೈಗೆ ಬಂದರೆ ತಲೆ ಸ್ವಲ್ಪ ತಿರುಗಿಸಿ ಬಲಗಣ್ಣಲ್ಲೇ ನೋಡಬೇಕು, ಇಲ್ಲಾಂದ್ರೆ ಎಡಗಣ್ಣಿಗೆ ಅಭ್ಯಾಸ ಮಾಡಿಸಬೇಕು. ಇದರ ಜೊತೆಗೆ ನಿಲುವು ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ಬಲಗೈಗೆ ಕೆತ್ತಿದ ಮರದ ಹಿಡಿಯೂ ಎಡಗೈಗೆ ಕೂರಲ್ಲ.

ಇಷ್ಟು ಹೋಯಿತು. ಹಾಗಾದರೆ ಉಳಿದದ್ದೇನು? ಸರಿಯಾದ ಸೈಟ್ ಚಿತ್ರ ಹೇಗಿರಬೇಕು ಅನ್ನೋ ತಿಳುವಳಿಕೆ, ಟ್ರಿಗರ್ ಸರಿಯಾಗಿ ಎಳೆದಾಗ ಹೇಗೆ ಅನ್ನಿಸುತ್ತದೆ ಅನ್ನೋ ನೆನಪು, ಮುಖ್ಯವಾಗಿ ಟಾರ್ಗೆಟ್ ಕಾಗದದ ಮೇಲಿನ ತೂತುಗಳನ್ನ ಓದುವ ವಿದ್ಯೆ. ಇವು ಯಾವ ಕೈಗೂ ಸೇರಿದ್ದಲ್ಲ. ಹೊಸಬನೊಬ್ಬ ಎಡಗೈಲಿ ಶುರು ಮಾಡೋದಕ್ಕೂ ಟಕಾಚ್ ಶುರು ಮಾಡಿದ್ದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಇದೇ ಅಂತ ನಮಗನ್ನಿಸುತ್ತದೆ.

ತೂತುಗಳನ್ನ ಓದೋದು ಹೇಗೆ

ನಮ್ಮಲ್ಲಿ ಎನ್‌ಸಿಸಿಯಲ್ಲಿ ಇದ್ದವರಿಗೆ ಗ್ರೂಪಿಂಗ್ ಅನ್ನೋ ಪದ ಗೊತ್ತಿರುತ್ತದೆ. ಪಾಯಿಂಟ್ ಟೂ ಟೂ ರೈಫಲ್ ಕೊಟ್ಟು ಐದು ಗುಂಡು ಹೊಡೆಸಿ, ಆ ಐದೂ ಎಷ್ಟು ಹತ್ತಿರ ಬಿದ್ದಿವೆ ಅಂತ ನೋಡುತ್ತಾರೆ. ನಡುವೆ ಬಿತ್ತಾ ಇಲ್ಲವಾ ಅನ್ನೋದು ಆಮೇಲಿನ ಮಾತು. ಪಿಸ್ತೂಲಿಗೂ ಇದೇ ಮೊದಲ ಪಾಠ. ಒಂದು ಗುಂಡು ಬಿದ್ದ ಜಾಗ ನೋಡಿ ಯಾವ ತೀರ್ಮಾನಕ್ಕೂ ಬರಬಾರದು, ಗ್ರೂಪ್ ನೋಡಬೇಕು.

ಮೆಷರ್‌ಮೆಂಟ್ ಲ್ಯಾಬಲ್ಲಿ ನಾವು ಅಕ್ಯುರಸಿ ಬೇರೆ, ಪ್ರಿಸಿಷನ್ ಬೇರೆ ಅಂತ ಬರೆದು ಮಾರ್ಕ್ಸ್ ತಗೊಳ್ತೀವಲ್ಲ, ಇಲ್ಲಿ ಅದು ಕಣ್ಣೆದುರಿಗೇ ಇರುತ್ತದೆ. ಐದೂ ಗುಂಡು ಒಂದೇ ಕಡೆ ಒತ್ತಾಗಿ ಬಿದ್ದು, ಆ ಗುಂಪು ನಡುವಿನಿಂದ ದೂರ ಇದ್ದರೆ ಪ್ರಿಸಿಷನ್ ಚೆನ್ನಾಗಿದೆ, ಒಂದು ಸ್ಥಿರವಾದ ದೋಷ ಸೇರಿಕೊಂಡಿದೆ ಅಂತ ಅರ್ಥ. ಅದಕ್ಕೆ ಮೊದಲ ಅನುಮಾನ ಸೈಟ್ ಮೇಲೆ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನ ಆ ಕಡೆಗೆ ಸರಿಸಬೇಕು, ಅಷ್ಟೇ. ಐದೂ ಐದು ದಿಕ್ಕಿಗೆ ಚೆದುರಿದ್ದರೆ ಸೈಟ್ ಮುಟ್ಟಿ ಪ್ರಯೋಜನ ಇಲ್ಲ, ತಪ್ಪು ಹಿಡಿತದಲ್ಲೋ ಟ್ರಿಗರ್‌ನಲ್ಲೋ ನಿಲುವಲ್ಲೋ ಇರುತ್ತದೆ.

ಚೆದುರಿದ್ದಕ್ಕೂ ಒಂದು ಆಕಾರ ಇರುತ್ತದೆ. ಬಲಗೈಯವರ ಗುಂಡುಗಳು ಪದೇಪದೇ ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದರೆ ಟ್ರಿಗರ್ ಎಳೆಯುವ ಕ್ಷಣದಲ್ಲಿ ಇಡೀ ಮುಷ್ಟಿ ಬಿಗಿಯಾಗುತ್ತಿದೆ ಅಂತ ಮೊದಲು ಅನುಮಾನಿಸುತ್ತಾರೆ. ಎಡಗೈಯವರಿಗೆ ಅದೇ ತಪ್ಪು ಬಲಕ್ಕೆ, ಕೆಳಕ್ಕೆ ತೋರಿಸುತ್ತದೆ. ಅಂದರೆ ಟಕಾಚ್ ಥರ ಕೈ ಬದಲಿಸಿದವರು ತಾವು ಕಲಿತ ನಕ್ಷೆಯನ್ನೂ ಎಡಬಲ ತಿರುಗಿಸಿ ಓದಬೇಕು. ಗುಂಡುಗಳು ಮೇಲೆ ಕೆಳಗೆ ಸಾಲಾಗಿ ಬಿದ್ದರೆ ಮಣಿಕಟ್ಟಿನ ಬಿಗಿ ಒಂದೇ ಸಮ ಇಲ್ಲ, ಇಲ್ಲವೇ ಉಸಿರಾಟ ಹಿಡಿತದಲ್ಲಿಲ್ಲ ಅಂತ ನೋಡಬೇಕು. ಅಡ್ಡಡ್ಡ ಹರಡಿದ್ದರೆ ಟ್ರಿಗರ್ ಮೇಲೆ ಬೆರಳು ಕೂತ ರೀತಿ, ಪಾದ ಇಟ್ಟ ರೀತಿ ಪರೀಕ್ಷೆ ಮಾಡಬೇಕು.

ಪಾದದ ಪರೀಕ್ಷೆ ತುಂಬಾ ಸರಳ. ನಿಂತುಕೊಂಡು, ಕಣ್ಣು ಮುಚ್ಚಿ, ತೋಳು ಎತ್ತಿ ಹಾಯಾಗಿ ನಿಲ್ಲಬೇಕು. ಕಣ್ಣು ಬಿಟ್ಟಾಗ ತೋಳು ಗುರಿಯಿಂದ ಎಡಕ್ಕೆ ತೋರಿಸುತ್ತಿದ್ದರೆ ಮಣಿಕಟ್ಟು ತಿರುಗಿಸಿ ಸರಿ ಮಾಡಬಾರದು, ಪಾದಗಳನ್ನೇ ಸರಿಸಬೇಕು. ಮಣಿಕಟ್ಟಿಂದ ಸರಿ ಮಾಡಿದರೆ ಗುಂಡು ಹಾರುವ ಹೊತ್ತಿಗೆ ಮೈ ತನ್ನ ಜಾಗಕ್ಕೆ ವಾಪಸ್ ಎಳೆಯುತ್ತದೆ.

ಹಾಗಂತ ಈ ಆಕಾರಗಳನ್ನೇ ನಂಬಿ ಕೂರೋ ಹಾಗೂ ಇಲ್ಲ. ಕೆಳಗೆ ಎಡಕ್ಕೆ ಬೀಳೋದಕ್ಕೆ ಸೈಟ್ ಕೂಡ ಕಾರಣ ಇರಬಹುದಲ್ವಾ? ಅದನ್ನ ಬೇರ್ಪಡಿಸೋಕೆ ಅದೇ ಪಿಸ್ತೂಲನ್ನ ನುರಿತ ಇನ್ನೊಬ್ಬರ ಕೈಗೆ ಕೊಟ್ಟು ಹೊಡೆಸುತ್ತಾರೆ. ಅವರ ಗ್ರೂಪ್ ನಡುವೆ ಬಿದ್ದರೆ ಪಿಸ್ತೂಲ್ ಸರಿ ಇದೆ, ತಪ್ಪು ನಮ್ಮದು. ಇನ್ನೊಂದು ಉಪಾಯ ಇದೆ. ಕೋಚ್ ನಮಗೆ ಗೊತ್ತಾಗದ ಹಾಗೆ ಅಸಲಿ ಗುಂಡುಗಳ ನಡುವೆ ಒಂದೆರಡು ಸಿಡಿಯದ ಡಮ್ಮಿ ಗುಂಡು ಸೇರಿಸುತ್ತಾರೆ. ಡಮ್ಮಿ ಬಂದಾಗ ಸದ್ದೂ ಇಲ್ಲ, ಹಿಂದಕ್ಕೆ ಒದೆಯೋದೂ ಇಲ್ಲ. ಆದರೂ ನಳಿಕೆಯ ಮೂತಿ ಕೆಳಕ್ಕೆ ಬಾಗಿತು ಅಂದ್ರೆ ಕೈ ಸದ್ದಿಗೆ ಮೊದಲೇ ಬೆದರುತ್ತಿದೆ ಅಂತ ಸಾಬೀತಾಯಿತು.

ಪರಿಹಾರವೂ ಹೆಚ್ಚಾಗಿ ಗುಂಡಿಲ್ಲದೆಯೇ ನಡೆಯುತ್ತದೆ. ಕೋಚ್ ಎದುರಿಗೆ, ಪಿಸ್ತೂಲ್ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ರೇಂಜ್‌ನಲ್ಲಿ ಖಾಲಿ ಗೋಡೆಗೆ ಮುಖ ಮಾಡಿ ಟ್ರಿಗರ್ ಎಳೆಯೋದು. ಟ್ರಿಗರ್ ಬಿದ್ದ ಕ್ಷಣದಲ್ಲಿ ಮುಂದಿನ ಸೈಟ್ ಅಲುಗಿತಾ? ಅಲುಗಿದರೆ ಇನ್ನೊಂದು ಸಲ. ಸದ್ದಿಲ್ಲ, ಹೊಗೆಯಿಲ್ಲ, ತಪ್ಪು ಮಾತ್ರ ಕಾಣುತ್ತದೆ. ಸಲಕ್ಕೆ ಒಂದನ್ನೇ ಬದಲಿಸಬೇಕು ಅನ್ನೋದು ಇಲ್ಲೂ ನಿಯಮ. ಕೋಡ್‌ನಲ್ಲಿ ಔಟ್‌ಪುಟ್ ತಪ್ಪು ಬಂತು ಅಂತ ನಾಲ್ಕು ಕಡೆ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗಲ್ವಲ್ಲ, ಹಾಗೇ.

ಒಂದು ಮಿಲಿಮೀಟರ್ ಲೆಕ್ಕ

ಕೈ ನಡುಗೋದೇ ದೊಡ್ಡ ಶತ್ರು ಅಂತ ನಮಗನ್ನಿಸುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 200 ಮಿ.ಮೀ. ಇದೆ ಅಂತಿಟ್ಟುಕೊಳ್ಳಿ. ಟಾರ್ಗೆಟ್ 25 ಮೀಟರ್ ದೂರ. ಪಿಸ್ತೂಲ್ ಪೂರ್ತಿಯಾಗಿ ಪಕ್ಕಕ್ಕೆ 1 ಮಿ.ಮೀ. ಸರಿದರೆ, ಎರಡೂ ಸೈಟ್ ಒಂದೇ ಸಾಲಿನಲ್ಲಿ ಇದ್ದರೆ, ಗುಂಡೂ 1 ಮಿ.ಮೀ. ಮಾತ್ರ ಸರಿಯುತ್ತದೆ. ಆದರೆ ಮುಂದಿನ ಸೈಟ್ ಒಂದೇ ಹಿಂದಿನ ಸೈಟಿನ ಕಂಡಿಯ ನಡುವಿನಿಂದ 1 ಮಿ.ಮೀ. ಸರಿದರೆ ಅದು ಕೋನದ ತಪ್ಪು. ಸಮರೂಪ ತ್ರಿಭುಜ ಹಾಕಿ ನೋಡಿ. 25,000 ಭಾಗಿಸು 200, ಅಂದರೆ 125 ಪಟ್ಟು. ಗುಂಡು ಹನ್ನೆರಡೂವರೆ ಸೆಂಟಿಮೀಟರ್ ಆಚೆ ಬೀಳುತ್ತದೆ. ಇವತ್ತಿನ ರ‍್ಯಾಪಿಡ್ ಫೈರ್ ಟಾರ್ಗೆಟ್‌ನಲ್ಲಿ 10ರ ವೃತ್ತದ ವ್ಯಾಸ 10 ಸೆಂ.ಮೀ. ಹಾಗಾಗಿ ಆ ಒಂದು ಮಿಲಿಮೀಟರ್‌ಗೆ 10 ಅಂಕ ಹೋಗಿ 8 ಆಗುತ್ತದೆ.

ಅದಕ್ಕೇ ಶೂಟರ್‌ಗಳು ಕಣ್ಣನ್ನ ಟಾರ್ಗೆಟ್ ಮೇಲೆ ಅಲ್ಲ, ಮುಂದಿನ ಸೈಟ್ ಮೇಲೆ ನೆಡುತ್ತಾರೆ. ಟಾರ್ಗೆಟ್ ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ. ಎಡಗೈ ಬಲಗೈಯಷ್ಟು ಗಟ್ಟಿಯಾಗಿ ನಿಲ್ಲದಿದ್ದರೂ ಆಟ ಮುಗಿಯಲಿಲ್ಲ ಅನ್ನೋದಕ್ಕೂ ಕಾರಣ ಇದೇ. ಇಡೀ ತೋಳು ತೂಗಾಡಿದರೆ ಸ್ವಲ್ಪ ನಷ್ಟ, ಟ್ರಿಗರ್ ಎಳೆತದಿಂದ ಸೈಟ್ ಸಾಲು ತಪ್ಪಿದರೆ ಬಹಳ ನಷ್ಟ. ಯಾವುದನ್ನ ಮೊದಲು ತಿದ್ದಬೇಕು ಅಂತ ಈ ಲೆಕ್ಕವೇ ಹೇಳುತ್ತದೆ.

ಟಕಾಚ್ ಅವರ ಸ್ಪರ್ಧೆಯಲ್ಲಿ ಇಷ್ಟಕ್ಕೂ ಸಮಯದ ಮಿತಿ ಬೇರೆ. 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಎದುರಿಗೆ ಪಕ್ಕಪಕ್ಕದಲ್ಲಿ ಐದು ಟಾರ್ಗೆಟ್. ತೋಳು ಕೆಳಕ್ಕೆ ಇಳಿಸಿ ಕಾಯಬೇಕು, ಸೂಚನೆ ಬಂದ ಕೂಡಲೇ ಎತ್ತಿ ಒಂದೊಂದಕ್ಕೂ ಒಂದೊಂದು ಗುಂಡು. ಮೊದಲು 8 ಸೆಕೆಂಡ್‌ನಲ್ಲಿ ಐದು, ಆಮೇಲೆ 6ರಲ್ಲಿ ಐದು, ಆಮೇಲೆ 4ರಲ್ಲಿ ಐದು. ಇವತ್ತಿನ ನಿಯಮದಲ್ಲಿ ಎರಡು ಟಾರ್ಗೆಟ್ ನಡುವೆ 75 ಸೆಂ.ಮೀ. ಅಂದರೆ ಮೊದಲಿನಿಂದ ಕೊನೆಗೆ 3 ಮೀಟರ್, ಶೂಟರ್ ನಿಂತ ಜಾಗದಿಂದ ಸುಮಾರು 7 ಡಿಗ್ರಿ. ತೋಳನ್ನ ಮಾತ್ರ ಆಡಿಸಿದರೆ ಸೈಟ್ ಸಾಲು ಕೆಡುತ್ತದೆ, ಅದಕ್ಕೆ ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು. 4 ಸೆಕೆಂಡ್‌ನಲ್ಲಿ ಯೋಚನೆ ಮಾಡಿ ತಿದ್ದಿಕೊಳ್ಳೋಕೆ ಪುರುಸೊತ್ತಿಲ್ಲ. ತಿದ್ದೋದೆಲ್ಲ ಮೊದಲೇ ಮುಗಿದಿರಬೇಕು.

ವಸಂತದಲ್ಲಿ ಬಂದ ಫಲಿತಾಂಶ

1939ರ ವಸಂತದಲ್ಲಿ ಹಂಗೇರಿಯ ರಾಷ್ಟ್ರೀಯ ಪಿಸ್ತೂಲ್ ಸ್ಪರ್ಧೆ ನಡೆಯಿತು. ಟಕಾಚ್ ಬಂದರು, ಎಡಗೈಲಿ ಹೊಡೆದರು, ಚಾಂಪಿಯನ್ ಆದರು. ಅವರ ಅಭ್ಯಾಸದ ಸುದ್ದಿಯೇ ಗೊತ್ತಿಲ್ಲದ ಜನಕ್ಕೆ ಇದು ದೊಡ್ಡ ಆಶ್ಚರ್ಯ. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದ ಹಂಗೇರಿಯ ಪಿಸ್ತೂಲ್ ತಂಡದಲ್ಲೂ ಅವರಿದ್ದರು.

ಯಾಕೆ ಗುಟ್ಟಾಗಿ ಕಲಿತರು ಅನ್ನೋ ಪ್ರಶ್ನೆ ನಮ್ಮನ್ನ ಕಾಡುತ್ತದೆ. ಎಡಗೈಲಿ ಮೊದಲ ದಿನಗಳಲ್ಲಿ ಗುಂಡು ಎಲ್ಲೆಲ್ಲಿಗೋ ಹೋಗುತ್ತದೆ. ನೋಡುವವರಿದ್ದರೆ ಪ್ರತಿ ಗುಂಡೂ ಒಂದು ರಿಸಲ್ಟ್ ಆಗುತ್ತದೆ, ಅಯ್ಯೋ ಪಾಪ ಅನ್ನೋರೂ ಇರುತ್ತಾರೆ. ಯಾರೂ ಇಲ್ಲದಿದ್ದಾಗ ಅದೇ ಗುಂಡು ಬರೀ ಒಂದು ರೀಡಿಂಗ್. ನಾವು ಮಾತ್ರ ಇಂಟರ್ನಲ್ಸ್, ಸೆಮಿಸ್ಟರ್, ಪ್ಲೇಸ್‌ಮೆಂಟ್ ಅಂತ ಪ್ರತಿ ವಾರ ಯಾರಿಗೋ ರಿಸಲ್ಟ್ ತೋರಿಸುತ್ತಲೇ ಇರುತ್ತೀವಿ. ತಪ್ಪನ್ನ ರೀಡಿಂಗ್ ಅಂತ ನೋಡೋಕೆ ನಮಗೆ ಸಿಗುವ ಜಾಗ ಕಡಿಮೆ.

ಇಷ್ಟೆಲ್ಲ ಆಗಿ 1940ರ ಒಲಿಂಪಿಕ್ಸ್‌ಗೆ ಹೋಗಬೇಕು ಅನ್ನುವಾಗ ಮಹಾಯುದ್ಧ ಬಂತು. ಟೋಕಿಯೊಗೆ ಕೊಟ್ಟಿದ್ದ ಆ ಕೂಟ ಹೆಲ್ಸಿಂಕಿಗೆ ಹೋಗಿ, ಕೊನೆಗೆ ರದ್ದಾಯಿತು. 1944ರ ಕೂಟ ಲಂಡನ್‌ನಲ್ಲಿ ನಡೆಯಬೇಕಿತ್ತು, ಅದೂ ರದ್ದು. ಹೊಸ ಕೈ ತಯಾರಾದ ಮೇಲೂ ಟಕಾಚ್ ಒಂಬತ್ತು ವರ್ಷ ಕಾಯಬೇಕಾಯಿತು.

ಲಂಡನ್, ಹೆಲ್ಸಿಂಕಿ

ಯುದ್ಧ ಮುಗಿದ ಮೇಲಿನ ಮೊದಲ ಬೇಸಿಗೆ ಒಲಿಂಪಿಕ್ಸ್ 1948ರಲ್ಲಿ ಲಂಡನ್‌ನಲ್ಲಿ ನಡೆಯಿತು. ಟಕಾಚ್ ಅವರಿಗೆ ಆಗ 38. ಶೂಟಿಂಗ್ ಸ್ಪರ್ಧೆಗಳು ಊರಾಚೆಯ ಬಿಸ್ಲಿ ರೇಂಜ್‌ನಲ್ಲಿ. ಗೆಲ್ಲೋರು ಅರ್ಜೆಂಟೀನಾದ ಕಾರ್ಲೊಸ್ ಎನ್ರಿಕೆ ಡಿಯಾಸ್ ಸಾಯೆನ್ಸ್ ವಾಲಿಯೆಂಟೆ ಅಂತ ಎಲ್ಲರ ಲೆಕ್ಕ, ಆಗಿನ ವಿಶ್ವ ಚಾಂಪಿಯನ್ ಅವರೇ. ಸ್ಪರ್ಧೆಗೆ ಮೊದಲು ಅವರು ಟಕಾಚ್ ಅವರನ್ನ ಕಂಡು ಇಲ್ಲಿಗೇಕೆ ಬಂದಿರಿ ಅಂತ ವಿಚಾರಿಸಿದರಂತೆ, ಕಲಿಯೋಕೆ ಬಂದೆ ಅಂತ ಇವರು ಹೇಳಿದರಂತೆ.

60 ಗುಂಡು, ಗರಿಷ್ಠ 600 ಅಂಕ. ಟಕಾಚ್ ಅವರಿಗೆ 580, ಹೊಸ ವಿಶ್ವದಾಖಲೆ. ವಾಲಿಯೆಂಟೆ 571ರೊಂದಿಗೆ ಎರಡನೆಯವರು. ನೀವು ಸಾಕಷ್ಟು ಕಲಿತಿದ್ದೀರಿ ಅಂತ ವಾಲಿಯೆಂಟೆ ಅಭಿನಂದಿಸಿದರು ಅಂತ ಕ್ರೀಡಾಲೋಕದಲ್ಲಿ ಇವತ್ತಿಗೂ ಹೇಳುತ್ತಾರೆ.

ಅಂಗವೈಕಲ್ಯ ಇದ್ದೂ ಒಲಿಂಪಿಕ್ಸ್ ಗೆದ್ದವರಲ್ಲಿ ಟಕಾಚ್ ಮೊದಲಿಗರಲ್ಲ. 1904ರಲ್ಲಿ ಮರದ ಕಾಲಿಟ್ಟುಕೊಂಡು ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದ ಅಮೆರಿಕದ ಜಾರ್ಜ್ ಐಸರ್, ಒಂದು ಪಾದ ಇಲ್ಲದೆಯೇ 1932 ಮತ್ತು 1936ರಲ್ಲಿ ವಾಟರ್ ಪೋಲೊ ಚಿನ್ನ ಗೆದ್ದ ಹಂಗೇರಿಯವರೇ ಆದ ಒಲಿವೇರ್ ಹಲಾಸಿ ಅವರಿಗಿಂತ ಮುಂಚಿನವರು. ಆಗಿನ್ನೂ ಪ್ಯಾರಾಲಿಂಪಿಕ್ಸ್ ಇರಲಿಲ್ಲ. ಎಲ್ಲರ ಜೊತೆ, ಎಲ್ಲರ ನಿಯಮದಲ್ಲೇ ಆಡಬೇಕಿತ್ತು.

1952ರಲ್ಲಿ ಹೆಲ್ಸಿಂಕಿ. ರದ್ದಾದ ಎರಡು ಕೂಟಗಳು ನಡೆಯಬೇಕಿದ್ದ ಊರುಗಳಲ್ಲೇ ಟಕಾಚ್ ತಮ್ಮ ಎರಡು ಚಿನ್ನ ಗೆದ್ದರು ಅನ್ನೋದು ಒಂದು ವಿಚಿತ್ರ. ಈ ಸಲ 579. ಎರಡನೆಯ ಸ್ಥಾನಕ್ಕೆ ಬಂದವರು ಒಂದೇ ಅಂಕ ಹಿಂದೆ, 578. ಅವರ ಹೆಸರು ಸಿಲಾರ್ಡ್ ಕುನ್, ವಯಸ್ಸು 17, ಅವರಿಗೆ ಹೇಳಿಕೊಟ್ಟ ಗುರು ಟಕಾಚ್ ಅವರೇ! ರ‍್ಯಾಪಿಡ್ ಫೈರ್‌ನಲ್ಲಿ ಒಲಿಂಪಿಕ್ ಚಿನ್ನವನ್ನ ಎರಡು ಸಲ ಗೆದ್ದವರಲ್ಲಿ ಟಕಾಚ್ ಮೊದಲಿಗರು. ಪದಕ ಸಿಗದ ವಾಲಿಯೆಂಟೆ ಮತ್ತೆ ಬಂದು ಕೈ ಕುಲುಕಿ, ನಿಮ್ಮ ಕಲಿಕೆ ಜಾಸ್ತಿಯೇ ಆಯಿತು, ಇನ್ನು ಊರಿಗೆ ಹೋಗಿ ನನಗೂ ಕಲಿಸಿ ಅಂತ ತಮಾಷೆ ಮಾಡಿದರಂತೆ.

ಆಮೇಲೆ

1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೂ ಟಕಾಚ್ ಹೋದರು, ಎಂಟನೇ ಸ್ಥಾನ ಬಂತು. 46 ವರ್ಷಕ್ಕೆ ಅದೂ ಕಡಿಮೆಯೇನಲ್ಲ. 1958ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇನ್ನೊಂದು ಪಿಸ್ತೂಲ್ ವಿಭಾಗದಲ್ಲಿ ಕಂಚು ಗೆದ್ದರು. ಬದುಕಿನಲ್ಲಿ ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು 35. ಆಮೇಲೆ ಕೋಚ್ ಆಗಿ ಕೆಲಸ ಮಾಡಿದರು. ಸಾರ್ಜೆಂಟ್ ಅಂತ ಒಮ್ಮೆ ಒಲಿಂಪಿಕ್ಸ್ ತಪ್ಪಿಸಿಕೊಂಡವರು ಸೇನೆಯಿಂದ ನಿವೃತ್ತರಾದದ್ದು ಲೆಫ್ಟಿನೆಂಟ್ ಕರ್ನಲ್ ಆಗಿ. 1976ರ ಜನವರಿ 5ರಂದು ಬುಡಾಪೆಸ್ಟ್‌ನಲ್ಲೇ ತೀರಿಕೊಂಡರು.

2012ರಲ್ಲಿ ಅದೇ ಲಂಡನ್‌ನಲ್ಲಿ, ಅದೇ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್‌ನಲ್ಲಿ ನಮ್ಮ ದೇಶದ ವಿಜಯ್ ಕುಮಾರ್ ಬೆಳ್ಳಿ ಗೆದ್ದರು. ಅವರು ಆಗ ಭಾರತೀಯ ಸೇನೆಯಲ್ಲಿ ಸುಬೇದಾರ್, ಲೆಫ್ಟಿನೆಂಟ್‌ನಿಂದ ಮೇಲಿನ ಅಧಿಕಾರಿ ವರ್ಗದವರಲ್ಲ. 1936ರ ಹಂಗೇರಿಯ ನಿಯಮದಂಥದ್ದು ಇಲ್ಲಿದ್ದಿದ್ದರೆ ಆ ಬೆಳ್ಳಿ ನಮಗೆ ಸಿಗುತ್ತಿತ್ತಾ?

ಟಕಾಚ್ ಅವರ ಬದುಕಲ್ಲಿ ಮೂರು ಸಲ ಗುರಿ ತಪ್ಪಿತು ಅಂತ ಹೇಳಬಹುದು. ಒಂದು ಸಲ ನಿಯಮದಿಂದ, ಒಂದು ಸಲ ಗ್ರೆನೇಡ್‌ನಿಂದ, ಒಂದು ಸಲ ಯುದ್ಧದಿಂದ. ನಿಯಮವೂ ಯುದ್ಧವೂ ಅವರ ಕೈಲಿರಲಿಲ್ಲ. ಅಲ್ಲಿ ಅವರು ಕಾದರು. ಗ್ರೆನೇಡ್ ಸಿಡಿದ ಮೇಲೆ ಉಳಿದದ್ದು ಅವರ ಕೈಲಿತ್ತು. ಅಲ್ಲಿ ಅವರು ಕೆಲಸ ಶುರು ಮಾಡಿದರು. ಯಾವುದು ಕಾಯೋ ತೊಂದರೆ, ಯಾವುದು ತಿದ್ದೋ ತೊಂದರೆ ಅಂತ ಬೇರೆ ಮಾಡಿ ನೋಡೋದು ಗ್ರೂಪ್ ನೋಡಿ ಸೈಟ್ ತಪ್ಪಾ ಕೈ ತಪ್ಪಾ ಅಂತ ಹೇಳಿದ ಹಾಗೇ. ಒಂದು ಸಬ್ಜೆಕ್ಟ್ ಹೋಯಿತು, ಒಂದು ಇಂಟರ್‌ವ್ಯೂ ಕೈಕೊಟ್ಟಿತು ಅಂದಾಗ ಎಲ್ಲವೂ ಹಾಳಾಯಿತು ಅಂತ ಪಿಸ್ತೂಲ್ ಕೆಳಗಿಡುವ ಮೊದಲು ಐದು ತೂತುಗಳನ್ನ ಒಂದು ಸಲ ಸರಿಯಾಗಿ ನೋಡೋಣ. ಒತ್ತಾಗಿ ಬಿದ್ದಿದ್ದರೆ ಸೈಟ್ ಸ್ವಲ್ಪ ಸರಿಸಿದರೆ ಸಾಕು. ಚೆದುರಿದ್ದರೆ ಖಾಲಿ ಗೋಡೆಯ ಮುಂದೆ ಸ್ವಲ್ಪ ದಿನ ನಿಲ್ಲಬೇಕು. ಎರಡೂ ಮಾಡೋಕಾಗೋ ಕೆಲಸವೇ.